ಬಾಗಿಲಿಗೆ ಬಂದು ಕೇಳುವವರು

ವರ್ಷಪೂರ್ತಿ ಒಂದೇ ಗುರಿ ಹಿಡಿದು, ನಡುವೆ ಎಲ್ಲೂ ಕೈಬಿಡದೆ, ಹೇಳಿದ ದಿನಕ್ಕೆ ಸರಿಯಾಗಿ ಅದನ್ನು ಮುಟ್ಟಿದವರು ನಿಮ್ಮೂರಲ್ಲಿ ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ, ನಾನು ನಮ್ಮ ಅರಿಶಿನಕುಂಟೆಯ ಬಾಡಿನ ಚೀಟಿಯವರ ಕಡೆ ಕೈ ತೋರಿಸುತ್ತೇನೆ. ನೆಲಮಂಗಲದ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು. ಹೊಸತೊಡಕಿಗೆ ಮನೆಯಲ್ಲಿ ಬಾಡು ಬೇಯದಿದ್ದರೆ ವರ್ಷ ಶುರುವಾದ ಲೆಕ್ಕವೇ ಅಲ್ಲ. ಆದರೆ ಹಬ್ಬದ ಖರ್ಚೆಲ್ಲ ಮುಗಿದ ಮೇಲೆ ಮಾಂಸದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಚೀಟಿ. ಹಿಂದಿನ ಯುಗಾದಿಯಿಂದಲೇ ವಾರಕ್ಕಿಷ್ಟು ಎಂದು ಕಟ್ಟುತ್ತ ಬರುವುದು. ಹಬ್ಬ ಹತ್ತಿರವಾದಾಗ ಕೂಡಿದ ದುಡ್ಡಿನಲ್ಲಿ ಕುರಿ ಮೇಕೆ ತಂದು, ಕೊಯ್ದು, ಗುಡ್ಡೆ ಹಾಕಿ, ಚೀಟಿದಾರರಿಗೆಲ್ಲ ಸಮನಾಗಿ ಹಂಚುವುದು. ಒಂದು ಗುಡ್ಡೆಯಲ್ಲಿ ಮೂಳೆ ಹೆಚ್ಚಾಯಿತು, ಇನ್ನೊಂದರಲ್ಲಿ ಲಿವರ್ರು ಕಡಿಮೆಯಾಯಿತು ಎಂಬ ತಕರಾರು ಇದ್ದೇ ಇರುತ್ತದೆ. ಗುರಿ ತಪ್ಪಿತು ಎಂಬ ತಕರಾರು ಮಾತ್ರ ಇಲ್ಲ.

ನಾನು ಈ ಚೀಟಿಯ ಫಲಾನುಭವಿಯಲ್ಲ. ನಮ್ಮ ಮನೆಯ ಯುಗಾದಿ ಒಬ್ಬಟ್ಟಿಗೇ ಮುಗಿಯುತ್ತದೆ. ಹೊಸತೊಡಕಿನ ದಿನ ನಮ್ಮ ಪಾಲಿಗೆ ಬರುವುದು ಅಕ್ಕಪಕ್ಕದ ಮಸಾಲೆಯ ಘಮ ಮತ್ತು ಹಿಂದಿನ ದಿನದ ಒಬ್ಬಟ್ಟಿನ ಸಾರು. ಆದ್ದರಿಂದ ನನ್ನ ಸಾಕ್ಷ್ಯವನ್ನು ನಿಷ್ಪಕ್ಷಪಾತವಾದದ್ದೆಂದು ನಂಬಬಹುದು. ಭಾನುವಾರ ಬೆಳಗ್ಗೆ ಉದ್ದನೆಯ ನೋಟುಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಚೀಟಿಯಣ್ಣ ಬರುತ್ತಾನೆ. ‘ಅಕ್ಕೋ, ಚೀಟಿ ದುಡ್ಡು’ ಎಂಬ ಅವನ ಕೂಗು ಆಚೆ ಮೂರು ಮನೆ, ಈಚೆ ಮೂರು ಮನೆಗೆ ಕೇಳುತ್ತದೆ. ಕೇಳಲಿ ಎಂದೇ ಅವನು ಕೂಗುವುದು. ‘ಮುಂದಿನ ವಾರ ಎಲ್ಡೂ ಸೇರ್ಸಿ ಕೊಡ್ತೀನಿ ಕಣಣ್ಣ’ ಎಂದು ಒಂದು ಸಲ ಹೇಳಬಹುದು. ಎರಡನೆಯ ವಾರವೂ ಹೇಳಿದರೆ ಪಕ್ಕದ ಮನೆಯ ಕಿಟಕಿ ಮೆಲ್ಲಗೆ ತೆರೆದುಕೊಳ್ಳುತ್ತದೆ. ಮೂರನೆಯ ವಾರ ಹೇಳುವ ಧೈರ್ಯವಿರುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಇದೇ ಮನೆಗಳ ಬೀರುಗಳಲ್ಲಿ ವಿಮೆ ಏಜೆಂಟರು ಕೊಟ್ಟ ಡೈರಿಗಳೂ ಇವೆ. ಜನವರಿ ಒಂದರ ಪುಟದಲ್ಲಿ ಒಳ್ಳೆಯ ಅಕ್ಷರದಲ್ಲಿ ಬರೆದಿರುತ್ತದೆ: ಹತ್ತು ಕೆಜಿ ಇಳಿಸುವುದು, ಇಂಗ್ಲಿಷ್ ಮಾತಾಡಲು ಕಲಿಯುವುದು, ಕೋಪ ಕಡಿಮೆ ಮಾಡಿಕೊಳ್ಳುವುದು. ಸಂಕ್ರಾಂತಿಯ ಹೊತ್ತಿಗೆ ಅದೇ ಡೈರಿ ಹಾಲು, ಪೇಪರಿನ ಲೆಕ್ಕಕ್ಕೆ ಇಳಿದಿರುತ್ತದೆ. ಬಾಡಿನ ಚೀಟಿಯನ್ನು ಒಂದು ಕಂತೂ ತಪ್ಪದೆ ಕಟ್ಟಿ ಮುಗಿಸಿದವರೂ ಇವರೇ, ಹತ್ತು ಕೆಜಿ ಇಳಿಸದೆ ಉಳಿದವರೂ ಇವರೇ. ಎರಡಕ್ಕೂ ನೇರ ಸಂಬಂಧವಿದೆ ಎನ್ನುವವರಿದ್ದಾರೆ; ಅದು ಬೇರೆ ಮಾತು. ನಾನು ಹೇಳುವುದು ಇಷ್ಟು. ಒಬ್ಬನೇ ಮನುಷ್ಯನಿಗೆ ಒಂದು ವಿಷಯದಲ್ಲಿ ಛಲವಿದ್ದು ಇನ್ನೊಂದರಲ್ಲಿ ಇಲ್ಲದೆ ಹೋಗುವುದು ಹೇಗೆ? ಹೋಗುವುದಿಲ್ಲ. ಚೀಟಿಯ ಗುರಿಯನ್ನು ಕೇಳಿಕೊಂಡು ಬಾಗಿಲಿಗೆ ಒಬ್ಬ ಬರುತ್ತಾನೆ, ಡೈರಿಯ ಗುರಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ.

ನಮ್ಮ ಹಿರಿಯರು ಹೊಸ ವರ್ಷದ ನಿರ್ಧಾರಗಳನ್ನು ಕಾಗದದ ಮೇಲೆ ಬರೆದವರಲ್ಲ. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಆವತ್ತು ಮಕ್ಕಳ ಕೈಗೆ ಪುಸ್ತಕ ಕೊಟ್ಟು ಕೂರಿಸುತ್ತಾರೆ, ಯಾರೂ ಅಳಬಾರದು, ಬೈಯಬಾರದು, ಸಾಲ ಕೇಳಬಾರದು. ದೊಡ್ಡವರು ಮಾತ್ರ ಬಾಡೂಟ ಮುಗಿಸಿ, ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು, ಸಂಜೆಯವರೆಗೆ ಇಸ್ಪೀಟು ಆಡುತ್ತಾರೆ. ನಂಬಿಕೆ ನಿಜವೇ ಆಗಿದ್ದರೆ ನಮ್ಮ ತಾಲ್ಲೂಕು ಇಷ್ಟು ಹೊತ್ತಿಗೆ ಏನಾಗಿರಬೇಕಿತ್ತು ಎಂದು ಯೋಚಿಸಲು ಭಯವಾಗುತ್ತದೆ. ಆದರೂ ಹೇಳುವುದಕ್ಕಿಂತ ಮಾಡಿಯೇ ಶುರುಮಾಡು ಎಂಬ ಅದರ ಒಳಗುಟ್ಟು ನನಗೆ ಹಿಡಿಸುತ್ತದೆ.

ಇನ್ನು ಪುರೋಹಿತರ ಸಂಕಲ್ಪ. ಇಲ್ಲಿ ಹೊಲಗಳೆಲ್ಲ ಲೇಔಟುಗಳಾದ ಮೇಲೆ ಗೃಹಪ್ರವೇಶಗಳಿಗೆ ಬರವಿಲ್ಲ, ಹಾಗಾಗಿ ಸಂಕಲ್ಪ ಕೇಳುವ ಯೋಗವೂ ನನಗೆ ಹೇರಳವಾಗಿ ಒದಗಿದೆ. ಯಜಮಾನನ ಕೈಯಲ್ಲಿ ಅಕ್ಷತೆ ಹಿಡಿಸಿ ಪುರೋಹಿತರು ಬ್ರಹ್ಮನ ಆಯುಸ್ಸಿನಿಂದ ಶುರುಮಾಡುತ್ತಾರೆ. ಯಾವ ಕಲ್ಪ, ಯಾವ ಮನ್ವಂತರ, ಯಾವ ಯುಗ, ಯಾವ ದ್ವೀಪ, ಗೋದಾವರಿಯ ಯಾವ ದಂಡೆ, ಯಾವ ಸಂವತ್ಸರ, ಯಾವ ಋತು, ಪಕ್ಷ, ತಿಥಿ, ವಾರ ಎಂದು ಇಳಿಯುತ್ತ ಇಳಿಯುತ್ತ ಕಡೆಗೆ ಬೆವರು ಒರೆಸಿಕೊಳ್ಳುತ್ತಿರುವ ಯಜಮಾನನ ಗೋತ್ರಕ್ಕೆ ಬಂದು ನಿಲ್ಲುತ್ತಾರೆ. ಅಂಚೆಯವನೂ ದಾರಿ ತಪ್ಪಲಾರದ ವಿಳಾಸ! ಆದರೆ ಬೇಡಿಕೆಯ ಸರದಿ ಬಂದಾಗ ಕ್ಷೇಮ, ಸ್ಥೈರ್ಯ, ಆಯುಸ್ಸು, ಆರೋಗ್ಯ, ಐಶ್ವರ್ಯ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ವಿಳಾಸ ಅಷ್ಟು ಬಿಗಿ, ಬೇಡಿಕೆ ಇಷ್ಟು ಸಡಿಲ.

ಇದನ್ನು ತಮಾಷೆ ಎಂದುಕೊಂಡಿದ್ದೆ. ಆಮೇಲೆ ಪೀಟರ್ ಗಾಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಒಂದು ಲೇಖನದ ಸಾರ ಓದಲು ಸಿಕ್ಕಿತು. ‘ವ್ಯಾಯಾಮ ಮಾಡುತ್ತೇನೆ’ ಎಂದುಕೊಂಡವರಿಗಿಂತ, ಎಲ್ಲಿ, ಯಾವಾಗ, ಯಾವುದಾದ ಮೇಲೆ ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರಂತೆ. ಸ್ಥಳ ಮತ್ತು ಕಾಲ! ನಮ್ಮ ಪುರೋಹಿತರು ಬ್ರಹ್ಮನಿಂದ ಹಿಡಿದು ಹೇಳುವುದು ಇದನ್ನೇ ಅಲ್ಲವೇ? ಒಂದು ಗೃಹಪ್ರವೇಶದಲ್ಲಿ ಅವರಿಗೆ ಈ ವಿಷಯ ತಿಳಿಸಿದೆ. ಅವರೇನೂ ಬೆರಗಾಗಲಿಲ್ಲ. ‘ಹೇಳಿದ್ದು ಬೆಳಗ್ಗೆ ಒಂಬತ್ತೂಕಾಲಕ್ಕೆ ಮುಹೂರ್ತ, ಯಜಮಾನ್ರು ಸ್ನಾನ ಮಾಡಿ ಬಂದಿದ್ದು ಹತ್ತಕ್ಕೆ’ ಎಂದರು.

ಎಷ್ಟು ದಿನ ಬಿಡದೆ ಮಾಡಿದರೆ ಒಂದು ಕೆಲಸ ರೂಢಿಗೆ ಬೀಳುತ್ತದೆ ಎಂಬುದಕ್ಕೂ ಲೆಕ್ಕಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಲೆಕ್ಕ 21 ದಿನ. ಅದರ ಮೂಲ ಹುಡುಕಿದರೆ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ವರೆಗೆ ಹೋಗುತ್ತದೆ. ಮೂಗು ತಿದ್ದಿಸಿಕೊಂಡವರಿಗೆ ತಮ್ಮ ಹೊಸ ಮೂಗು ತಮ್ಮದೇ ಅನ್ನಿಸಲು ಕಡಿಮೆಯೆಂದರೂ ಮೂರು ವಾರ ಹಿಡಿಯುತ್ತದೆ ಎಂದು ಆತ 1960ರ ಪುಸ್ತಕದಲ್ಲಿ ಬರೆದಿದ್ದ. ಮೂಗಿನ ಲೆಕ್ಕವನ್ನು ಜನ ಯೋಗಾಸನಕ್ಕೆ ಹಚ್ಚಿದರು. ಆಮೇಲೆ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಕೂಡಿಸಿ, ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇಂಥ ಒಂದೊಂದನ್ನು ಆರಿಸಿಕೊಳ್ಳಲು ಹೇಳಿ, 84 ದಿನ ನೋಡಿದರು. ಕೆಲವರಿಗೆ 18 ದಿನ ಸಾಕಾಯಿತು. ಒಬ್ಬರಿಗೆ 254 ದಿನ ಬೇಕು ಎಂದು ಲೆಕ್ಕ ಬಂತು. 84 ದಿನದ ಪರೀಕ್ಷೆಯಲ್ಲಿ 254 ಬಂದದ್ದು ಹೇಗೆಂದರೆ, ಆ ಪುಣ್ಯಾತ್ಮ ಹೋಗುತ್ತಿರುವ ವೇಗ ನೋಡಿ ಗಣಿತ ಹಾಕಿದ್ದು. ಆತ ನಮ್ಮ ಕಡೆಯವನೇ ಇರಬೇಕೆಂದು ನನಗೆ ಅಭಿಮಾನ. ನಡುವಿನ ಸಂಖ್ಯೆ 66. ನಮ್ಮ ಮಂಡಲವೋ 48 ದಿನದ್ದು. ಪಂಡಿತರ ಕಷಾಯವಾದರೂ ಅಷ್ಟೇ, ದೇವರ ವ್ರತವಾದರೂ ಅಷ್ಟೇ. ಎರಡಕ್ಕೂ ಇರುವ 18 ದಿನಗಳ ವ್ಯತ್ಯಾಸವನ್ನು ದೇವರ ಭಯಕ್ಕೆ ಬಿಟ್ಟುಕೊಡಬಹುದು ಎಂದು ನನ್ನ ಲೆಕ್ಕಾಚಾರ.

ದೇವರು ಎಂದಾಗ ಹರಕೆಯ ನೆನಪಾಯಿತು. ಚೀಟಿಯಣ್ಣನಿಗಿಂತ ಗಟ್ಟಿ ವಸೂಲಿದಾರ ಯಾರಾದರೂ ಇದ್ದರೆ ಅದು ಮನೆದೇವರು. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡಿಪು ಇಟ್ಟರೆ ಅದು ದೇವರಗೂಡಿನಲ್ಲಿ ಕೂತು ದಿನಾ ದೀಪ ಹಚ್ಚುವಾಗ ನಮ್ಮನ್ನೇ ನೋಡುತ್ತದೆ. ಮಗನಿಗೆ ಕೆಲಸ ಸಿಕ್ಕಿ ಎಷ್ಟು ವರ್ಷವಾದರೂ ಹರಕೆ ತೀರಿಸದೆ ಇದ್ದು, ಸ್ಕೂಟರಿನಿಂದ ಬಿದ್ದ ಕೂಡಲೇ ಟಿಕೆಟ್ ಮಾಡಿಸಿದವರನ್ನು ನಾನು ಬಲ್ಲೆ. ಬಾಗಿಲಿಗೆ ಬರುವ ರೀತಿ ಒಬ್ಬೊಬ್ಬರದು ಒಂದೊಂದು.

ನಮ್ಮ ತುಮಕೂರು ರಸ್ತೆಯಲ್ಲಿ ಗುರಿಗಳ ಗಡುವಿನ ಬಗ್ಗೆ ಯಾರೂ ಬಹಳ ಗಟ್ಟಿಯಾಗಿ ಮಾತಾಡುವುದಿಲ್ಲ. ಈ ರಸ್ತೆ ಮೊದಲು ಎನ್‌ಎಚ್ 4 ಆಗಿತ್ತು, ಕುಣಿಗಲ್ ಕಡೆ ಕವಲೊಡೆದು ಮಂಗಳೂರಿಗೆ ಹೋಗುವುದು 48 ಆಗಿತ್ತು. ನಂಬರು ಬದಲಾಯಿಸಿದಾಗ ಈ ರಸ್ತೆಗೆ 48 ಬಂತು, ಅದು 75 ಆಯಿತು. ಆಟೋದವರು ಈಗಲೂ ‘ಎನ್‌ಎಚ್ ಫೋರ್’ ಅನ್ನುವುದನ್ನು ಬಿಟ್ಟಿಲ್ಲ. ರೂಢಿಯ ಬಗ್ಗೆ ತಿಳಿಯಲು ಲಂಡನ್ನಿನವರು ಇಲ್ಲಿಗೂ ಒಮ್ಮೆ ಬರಬಹುದಿತ್ತು. ನಾಗಸಂದ್ರದಿಂದ ಮಾದಾವರಕ್ಕೆ ಮೆಟ್ರೋ ಬರುತ್ತದೆ ಎಂದು 2017ರಲ್ಲಿ ಕೆಲಸ ಶುರುವಾಯಿತು. ಇರುವುದು ಮೂರು ಚಿಲ್ಲರೆ ಕಿಲೋಮೀಟರು. ರೈಲು ಓಡಿದ್ದು 2024ರ ನವೆಂಬರ್ 7ರಂದು. ಅಷ್ಟರಲ್ಲಿ, ಮೆಟ್ರೋ ಬಂದ ದಿನದಿಂದ ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದು ಶಪಥ ಮಾಡಿದ್ದ ನಮ್ಮ ಪರಿಚಯದವರೊಬ್ಬರು ನಿವೃತ್ತರಾಗಿ, ಸೈಕಲ್ ಮೊಮ್ಮಗನಿಗೂ ಚಿಕ್ಕದಾಗಿತ್ತು.

ಇದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯವಿದೆ. ದೇಶದ ದೊಡ್ಡವರೆಲ್ಲ ಅಲ್ಲಿಗೆ ಬಂದು ಉಪವಾಸ ಬಿದ್ದು ಹೋಗುತ್ತಾರೆ. ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲರು 2015ರಲ್ಲಿ ಕೆಮ್ಮು ವಾಸಿಮಾಡಿಕೊಳ್ಳಲು ಬಂದಿದ್ದರು. ಅಷ್ಟು ದುಡ್ಡಿರುವವರು ಮನೆಯಲ್ಲೇ ಊಟ ಬಿಟ್ಟು ಕೂರಬಾರದೇ, ಇಲ್ಲಿಗೆ ಬಂದು ದುಡ್ಡು ಕೊಟ್ಟು ಹಸಿದುಕೊಳ್ಳುವುದು ಏಕೆ ಎಂದು ನಮ್ಮ ಮನೆಗೆಲಸಕ್ಕೆ ಬರುವಾಕೆ ಒಮ್ಮೆ ಕೇಳಿದಳು. ಉತ್ತರವನ್ನೂ ಅವಳೇ ಕೊಟ್ಟಳು: ‘ಮನೇಲಾದ್ರೆ ಅಡಿಗೆ ಮನೆ ಬಾಗ್ಲು ತೆಗ್ದೇ ಇರ್ತದೆ ಕಣಣ್ಣ. ಅಲ್ಲಿ ಬೀಗದ ಕೈ ಬೇರೆಯವ್ರ ತಾವ ಇರ್ತದೆ.’ ಗಾಲ್ವಿಟ್ಸರರಿಗಿಂತ ಚೆನ್ನಾಗಿ ಹೇಳಿದಳು.

ಅವಳ ಮನೆಯಲ್ಲಿ ಎರಡು ಸೀಮೆಹಸು ಇವೆ. ಡೇರಿಗೆ ಹಾಲು ಹಾಕುವವರ ಮನೆಯಲ್ಲಿ ‘ನಾಳೆಯಿಂದ ಬೇಗ ಏಳುತ್ತೇನೆ’ ಎಂಬ ಮಾತೇ ಇಲ್ಲ. ಹಸು ಕೊಟ್ಟಿಗೆಯಲ್ಲಿ ಅಂಬಾ ಎನ್ನುತ್ತದೆ, ಡೇರಿಯ ಬಾಗಿಲು ಹೇಳಿದ ಹೊತ್ತಿಗೆ ಮುಚ್ಚುತ್ತದೆ. ಮದುವೆ, ತಿಥಿ, ಜ್ವರ, ಚುನಾವಣೆ, ಯಾವುದೂ ಕೆಚ್ಚಲಿಗೆ ಅರ್ಥವಾಗುವುದಿಲ್ಲ. ಬೆಳಗ್ಗೆ ಐದಕ್ಕೆ ಏಳುವುದು ಹೇಗೆ ಎಂದು ದೊಡ್ಡ ದೊಡ್ಡ ಪುಸ್ತಕಗಳು ಬಂದಿವೆ. ನನ್ನನ್ನು ಕೇಳಿದರೆ, ಒಂದು ಹಸು ಸಾಕಿ ಎನ್ನುತ್ತೇನೆ.

ಹೀಗೆ ಯೋಚಿಸುತ್ತ ಹೋದಾಗ ಸಾಲುಮರದ ತಿಮ್ಮಕ್ಕನವರ ಕಥೆ ನನಗೆ ಬೇರೆಯಾಗಿಯೇ ಕಾಣತೊಡಗಿತು. ಇಲ್ಲಿಂದ ಸೋಲೂರಿನ ಕಡೆ ಹೊರಟು ಕುದೂರು ಮುಟ್ಟಿದರೆ, ಕುದೂರಿನಿಂದ ಹುಲಿಕಲ್‌ವರೆಗಿನ ನಾಲ್ಕು ಕಿಲೋಮೀಟರು ದಾರಿಯ ಆಲದ ಮರಗಳು ಅವರವು. 385 ಎಂದು ಲೆಕ್ಕ. ನಾವೆಲ್ಲ ಆ ಸಂಖ್ಯೆಯನ್ನು ಶಾಲೆಯ ಮಕ್ಕಳಿಗೆ ಉರುಹೊಡೆಸುತ್ತೇವೆ. ಆದರೆ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ 385 ಎಂದು ಗುರಿ ಇಟ್ಟುಕೊಂಡು ಹೊರಟವರೇ? ಅಲ್ಲ. ಮಕ್ಕಳಿಲ್ಲದ ಕೂಲಿಕಾರ ದಂಪತಿ ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಮಾರನೆಯ ವರ್ಷ ಹದಿನೈದು. ಅದರಾಚೆ ವರ್ಷ ಇಪ್ಪತ್ತು. ಹತ್ತು ನೆಟ್ಟ ಮೇಲೆ ಹತ್ತನ್ನೂ ಉಳಿಸಬೇಕಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆದರು, ದನ ಮೇಯದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಿದರು. ಎಲೆ ಬಾಡಿಸಿಕೊಂಡು ನಿಂತ ಸಸಿಯ ಮುಂದೆ ಹೋಗಿ ‘ಮುಂದಿನ ವಾರ ಎರಡೂ ಸೇರಿಸಿ ಕೊಡುತ್ತೇನೆ’ ಎನ್ನಲು ಬರುವುದಿಲ್ಲ. ಅವರನ್ನು ಎಳೆದುಕೊಂಡು ಹೋದದ್ದು ಎಲ್ಲೋ ದೂರದಲ್ಲಿದ್ದ ದೊಡ್ಡ ಗುರಿ ಎನ್ನುವುದಕ್ಕಿಂತ, ಹಿಂದಿನ ವರ್ಷದ ಹತ್ತು ಸಸಿಯ ಬಾಯಾರಿಕೆ ಎಂದು ನನ್ನ ತೀರ್ಮಾನ. 2019ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ತಿಮ್ಮಕ್ಕ ರಾಷ್ಟ್ರಪತಿಗಳ ಹಣೆ ಮುಟ್ಟಿ ಆಶೀರ್ವಾದ ಮಾಡಿ ಬಂದರು. ಶಿಷ್ಟಾಚಾರದ ಅಧಿಕಾರಿಗಳಿಗೆ ಏನನ್ನಿಸಿತೋ. ನೂರು ದಾಟಿದ ಅಜ್ಜಿಗೆ ಎದುರಿಗೆ ನಿಂತ ರಾಮನಾಥ ಕೋವಿಂದರೂ ಒಂದು ಸಸಿಯಂತೆಯೇ ಕಂಡಿರಬೇಕು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. ವಯಸ್ಸು 114 ಎಂದು ಪತ್ರಿಕೆಗಳು ಬರೆದವು.

ದೀರ್ಘಾಯುಸ್ಸಿನ ಮಾತು ಬಂದಾಗ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ಬಿಡಲಾಗುವುದಿಲ್ಲ. 1913ರಲ್ಲಿ ಹುಟ್ಟಿ 2021ರವರೆಗೆ ಇದ್ದವರು. ಅವರು ಸಂಪಾದಕರಾಗಿ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿದದ್ದು 1995ರಲ್ಲಿ. ಕೆಲಸ ಶುರುವಾದದ್ದು ಸ್ವಾತಂತ್ರ್ಯಕ್ಕೂ ಮೊದಲು. ಹಾಗೆ ಎಳೆದ ಕೆಲಸದಲ್ಲಿ ಬೇಸರ ಬರದಿರಲು ಏನು ಕಾರಣ ಎಂದು ನಾನು ಆಗಾಗ ಯೋಚಿಸಿದ್ದೇನೆ. 1991ರಿಂದ ಅವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದಾಗ ಓದುಗರು ಆ ಪದಕ್ಕೇನರ್ಥ, ಈ ಪದ ಎಲ್ಲಿಂದ ಬಂತು ಎಂದು ಕಾಗದ ಬರೆದು ಕೇಳುತ್ತಿದ್ದರು. ಅಂಚೆಯವನ ರೂಪದಲ್ಲಿ ಚೀಟಿಯಣ್ಣ!

ಬಾಗಿಲಿಗೆ ಬರುವವರನ್ನು ಕಾಯದೆ ತಾವೇ ಕೇಳುವವರಾದವರೂ ಇದ್ದಾರೆ. ನಮ್ಮ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡಿದ್ದ ನಟಿ ಲೀಲಾವತಿಯವರು ಊರಿನ ಜನರಿಗೊಂದು ಆಸ್ಪತ್ರೆ ಕಟ್ಟಿಸಿದ್ದಲ್ಲದೆ, ಕೊನೆಗಾಲದಲ್ಲಿ ದನಕರುಗಳಿಗೂ ಒಂದು ಆಸ್ಪತ್ರೆ ಆಗಬೇಕು ಎಂದು ಪಟ್ಟು ಹಿಡಿದರು. ಅದು ಉದ್ಘಾಟನೆಯಾದದ್ದು 2023ರ ನವೆಂಬರ್ ಕೊನೆಯಲ್ಲಿ. ಡಿಸೆಂಬರ್ 8ರಂದು ಅವರು ಹೋದರು. ಆರು ನೂರಕ್ಕೂ ಹೆಚ್ಚು ಸಿನಿಮಾ ಮಾಡಿದವರು ಎನ್ನುತ್ತಾರೆ. ಇಲ್ಲಿನವರ ಬಾಯಲ್ಲಿ ಮಾತ್ರ ಅವರು ‘ದನಿನ ಆಸ್ಪತ್ರೆ ಕಟ್ಸಿದ ಲೀಲಮ್ಮ’.

ಈಗಿನ ಕಾಲದಲ್ಲಿ ಬಾಗಿಲಿಗೆ ಬಂದು ಕೇಳುವ ಕೆಲಸವನ್ನು ಕೈಗಡಿಯಾರಕ್ಕೆ ವಹಿಸಿದ್ದಾರೆ. ‘ಎದ್ದೇಳಿ, ನಡೆಯಿರಿ’ ಎಂದು ಅದು ಗಂಟೆಗೊಮ್ಮೆ ಕೈಯನ್ನು ಗುರ್ರೆನ್ನಿಸುತ್ತದೆ. ನನ್ನ ಸ್ನೇಹಿತರೊಬ್ಬರ ಮಗ ಅಮೆರಿಕದಿಂದ ತಂದುಕೊಟ್ಟ ಅಂಥದ್ದನ್ನು ಅವರು ಮೊಮ್ಮಗಳ ಕೈಗೆ ಕಟ್ಟಿದ್ದಾರೆ. ಅವಳು ಕುಣಿದ ಹೆಜ್ಜೆಗಳೆಲ್ಲ ಸಂಜೆ ಅಮೆರಿಕದಲ್ಲಿ ಅಪ್ಪನ ಹೆಜ್ಜೆಗಳಾಗಿ ಕಾಣಿಸಿ, ಮಗನಿಗೆ ಸಂತೋಷ. ಗಡಿಯಾರದ ತೊಂದರೆ ಏನೆಂದರೆ ಅದರ ಮುಂದೆ ನಮಗೆ ನಾಚಿಕೆಯಾಗುವುದಿಲ್ಲ.

ನಾಚಿಕೆಯಿದ್ದರೂ ಸಾಲದು ಎಂಬುದಕ್ಕೆ ನಮ್ಮ ಲೇಔಟಿನ ಬೆಳಗಿನ ವಾಕಿಂಗ್ ಸಂಘವೇ ಉದಾಹರಣೆ. ನಿವೃತ್ತ ಮೇಷ್ಟ್ರೊಬ್ಬರ ಮುಂದಾಳುತನದಲ್ಲಿ ಸಂಘ ಹುಟ್ಟಿತು. ಆರಕ್ಕೆ ಬರದವರು ಇಪ್ಪತ್ತು ರೂಪಾಯಿ ದಂಡ ಕಟ್ಟಬೇಕು. ವಸೂಲಿಗೆ ನಂದಿನಿ ಬೂತಿನ ಅಕ್ಕನನ್ನು ಗೊತ್ತುಮಾಡಿದೆವು. ಅವರ ಕಣ್ಣು ತಪ್ಪಿಸಿ ಯಾರೂ ನಡೆಯಲಾರರು, ಮಲಗಲೂ ಆರರು, ಹಾಲಿಗಂತೂ ಬರಲೇಬೇಕು. ಮೊದಲ ದಿನಗಳಲ್ಲಿ ಸಂಘದವರೆಲ್ಲ ಹಾಜರು. ಆಮೇಲೆ ಏನಾಯಿತೆಂದರೆ, ‘ಇಪ್ಪತ್ರುಪಾಯಿ ಇಡಿ ಮೇಷ್ಟ್ರೇ’ ಎಂದು ಅಕ್ಕ ಕೇಳುವ ಮೊದಲೇ ಜನ ಹಾಲಿನ ಚಿಲ್ಲರೆಯ ಜೊತೆ ದಂಡವನ್ನೂ ಎಣಿಸಿಕೊಂಡು ಬರತೊಡಗಿದರು. ನಿದ್ದೆಗೆ ಇಪ್ಪತ್ತು ರೂಪಾಯಿ ಎಂದರೆ ಅಗ್ಗ ಎಂದು ಹಾರ್ಡ್‌ವೇರ್ ಅಂಗಡಿಯವರು ಬಹಿರಂಗವಾಗಿಯೇ ಘೋಷಿಸಿದರು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲೂ ಹೀಗೇ ಆಗಿತ್ತಂತೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿದರೆ, ತಡವಾಗಿ ಬರುವವರು ಇನ್ನೂ ಹೆಚ್ಚಾದರು ಎಂದು ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಬರೆದಿದ್ದಾರೆ. ಮೊದಲು ಮುಜುಗರವಿತ್ತು, ದಂಡ ಬಂದ ಮೇಲೆ ಅದು ಬರೀ ಬೆಲೆಯಾಯಿತು. ಚೀಟಿಯಣ್ಣ ಕಂತು ತಪ್ಪಿದವರಿಗೆ ದಂಡ ಹಾಕದೆ ಬರೀ ಜೋರಾಗಿ ಕೂಗುವುದರ ಹಿಂದಿನ ಜಾಣತನ ನನಗೆ ಹೊಳೆದದ್ದು ಆಗ.

ಬೂತಿನ ಅಕ್ಕನ ಡಬ್ಬಿ ತುಂಬಿತು. ಅಷ್ಟು ದುಡ್ಡನ್ನು ಏನು ಮಾಡುವುದು ಎಂದು ಸಭೆ ಸೇರಿ, ಟೆಂಪೋ ಟ್ರಾವೆಲರ್ ಮಾಡಿಕೊಂಡು ಶಿವಗಂಗೆಗೆ ಹೋಗಿಬರುವುದೆಂದು ತೀರ್ಮಾನವಾಯಿತು. ದಾಬಸ್‌ಪೇಟೆಯಲ್ಲಿ ಇಡ್ಲಿ, ವಡೆ. ಬೆಟ್ಟ ಸಮುದ್ರಮಟ್ಟದಿಂದ 1,368 ಮೀಟರು ಎತ್ತರ, ಮೇಲೆ ಹೋಗುತ್ತ ಹೋಗುತ್ತ ಕಡಿದಾಗುತ್ತದೆ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಪ್ರಾಣಬಿಟ್ಟ ಜಾಗ ಎಂದು ಮೇಷ್ಟ್ರು ಪಾಠ ಶುರುಮಾಡಿದಾಗ ಏದುಸಿರು ಬಿಡುತ್ತಿದ್ದ ಹಾರ್ಡ್‌ವೇರಿನವರು, ‘ಈಗ ಆ ವಿಚಾರ ಬ್ಯಾಡ ಮೇಷ್ಟ್ರೇ’ ಎಂದು ಬಂಡೆಯ ಮೇಲೆ ಕೂತರು. ಒಳಕಲ್ಲು ತೀರ್ಥದವರೆಗೆ ಹೇಗೋ ಎಲ್ಲರೂ ತಲುಪಿದೆವು. ಬಂಡೆಯ ರಂಧ್ರದೊಳಗೆ ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ನೀರು ಸಿಗುತ್ತದೆ, ಬೇಡಿದ್ದು ನೆರವೇರುತ್ತದೆ ಎಂಬ ಪ್ರತೀತಿ. ವರ್ಷದಲ್ಲಿ ಅತಿ ಹೆಚ್ಚು ದಂಡ ಕಟ್ಟಿದ್ದ ಹಾರ್ಡ್‌ವೇರಿನವರಿಗೆ ಮೊದಲ ಸಲಕ್ಕೇ ನೀರು ಸಿಕ್ಕಿತು. ಒಂದು ದಿನವೂ ತಪ್ಪದೆ ನಡೆದಿದ್ದ ಮೇಷ್ಟ್ರು ಭುಜದವರೆಗೆ ಕೈ ಇಳಿಸಿದರೂ ಸಿಗಲಿಲ್ಲ. ‘ಅವ್ರ ಕೈ ಉದ್ದ’ ಎಂದು ಮೇಷ್ಟ್ರು ವೈಜ್ಞಾನಿಕ ಕಾರಣ ಕೊಟ್ಟರು. ಅಲ್ಲಿಂದ ಮುಂದೆ ಬಸವನವರೆಗೆ ಹತ್ತಿದ್ದು ಮೇಷ್ಟ್ರು ಮತ್ತು ಬೂತಿನ ಅಕ್ಕ ಇಬ್ಬರೇ. ಉಳಿದವರು ಕೋತಿಗಳಿಂದ ಚೀಲ ಕಾಯುವ ಜವಾಬ್ದಾರಿ ಹೊತ್ತೆವು.

ಇಳಿದು ಬರುವಾಗ ಟೆಂಪೋದಲ್ಲೇ ವಾರ್ಷಿಕ ಸಭೆ ನಡೆಯಿತು. ದಂಡವನ್ನು ಇಪ್ಪತ್ತರಿಂದ ಐವತ್ತಕ್ಕೆ ಏರಿಸಿದರೆ ಶಿಸ್ತು ಬರುತ್ತದೆ ಎಂದು ಮೇಷ್ಟ್ರು ಮಂಡಿಸಿದರು. ಯಾರೂ ವಿರೋಧಿಸಲಿಲ್ಲ. ಐವತ್ತಾದರೆ ಮುಂದಿನ ವರ್ಷ ಧರ್ಮಸ್ಥಳಕ್ಕೇ ಹೋಗಿಬರಬಹುದು ಎಂದು ಹಾರ್ಡ್‌ವೇರಿನವರು ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೂತಿನ ಅಕ್ಕ ಮಾತ್ರ, ಡಬ್ಬಿ ಚಿಕ್ಕದಾಗುತ್ತದೆ, ಸಂಘದವರು ಹೊಸದು ತೆಗೆಸಿಕೊಡಬೇಕು ಎಂದರು.